ದಿನಕ್ಕೊಂದು ಫೋಟೊ: ಸಣ್ಣ ಖುಷಿಗಳನ್ನು ಗುರುತಿಸುವ ಅಭ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ನಿಮ್ಮ ಮೊಬೈಲಿನ ಗ್ಯಾಲರಿ ತೆರೆದು ಕಳೆದ ವಾರದ ಫೋಟೊಗಳನ್ನು ಒಮ್ಮೆ ನೋಡಿ. ಒಂದಷ್ಟು ಸ್ಕ್ರೀನ್‌ಶಾಟ್, ಯಾವುದೋ ರಸೀದಿ, ಗುರುತಿನ ಚೀಟಿಯ ನಕಲು, ಒಂದೇ ಭಂಗಿಯ ಹತ್ತಾರು ಸೆಲ್ಫಿ. ಆ ವಾರ ನಿಮಗೆ ಹಿತವೆನಿಸಿದ ಒಂದಾದರೂ ಕ್ಷಣ ಅದರಲ್ಲಿದೆಯೇ? ಬಹುಮಟ್ಟಿಗೆ ಇರುವುದಿಲ್ಲ. ಕ್ಯಾಮೆರಾ ಸದಾ ಜೇಬಿನಲ್ಲೇ ಇದ್ದರೂ ನಾವದನ್ನು ಹೊರತೆಗೆಯುವುದು ಕೆಲಸಕ್ಕೆ, ಇಲ್ಲವೇ ಸಮಾರಂಭಕ್ಕೆ. ನಡುವಿನ ಮಾಮೂಲಿ ದಿನಗಳು ಲೆಕ್ಕಕ್ಕೇ ಬರುವುದಿಲ್ಲ.

ದಿನಕ್ಕೊಂದು ಫೋಟೊ ತೆಗೆಯುವ ಅಭ್ಯಾಸ ಇರುವುದು ಈ ಮಾಮೂಲಿ ದಿನಗಳಿಗಾಗಿ. ಇದರಿಂದ ಫೋಟೋಗ್ರಫಿಯೂ ಒಂದಿಷ್ಟು ಕೈಗೆ ಹತ್ತಿದರೆ ಒಳ್ಳೆಯದೇ, ಆದರೆ ಇಲ್ಲಿ ಅದು ಗುರಿಯಲ್ಲ. ನಾನು ಕಂಡಂತೆ ಇದರ ಫಲ ಸಿಗುವುದು ಕ್ಲಿಕ್ ಮಾಡುವುದಕ್ಕೆ ಮುಂಚಿನ ಅರೆನಿಮಿಷದಲ್ಲಿ. ಸಂಜೆಯೊಳಗೆ ಒಂದು ಚಿತ್ರ ಬೇಕು ಎನ್ನುವ ಸಣ್ಣ ಹಂಗು ಮನಸ್ಸಿನಲ್ಲಿದ್ದರೆ ಸಾಕು, ಕಣ್ಣು ಬೆಳಗಿನಿಂದಲೇ ಹುಡುಕಾಟಕ್ಕೆ ಇಳಿಯುತ್ತದೆ. ಹಾಗೆ ಹುಡುಕುವ ಕಣ್ಣಿಗೆ, ದಿನವೂ ದಾಟಿಹೋಗುತ್ತಿದ್ದ ಎಷ್ಟೋ ಸಂಗತಿಗಳು ಎಡತಾಕುತ್ತವೆ. ಕೆಳಗಿನ ಹೆಜ್ಜೆಗಳನ್ನೆಲ್ಲ ಹೆಚ್ಚು ನೋಡುವುದಕ್ಕೆ, ಕಡಿಮೆ ಕ್ಲಿಕ್ಕಿಸುವುದಕ್ಕೆ ಹೊಂದುವಂತೆ ಬರೆದಿದ್ದೇನೆ.

ಇದರಿಂದ ಖುಷಿ ಹೆಚ್ಚುವುದಾದರೂ ಹೇಗೆ?

ಹೊಸ ಮನೆ, ಹೊಸ ದಾರಿ, ಹೊಸ ವಸ್ತು ಯಾವುದೇ ಇರಲಿ, ಕೆಲವು ದಿನಗಳಲ್ಲಿ ಒಗ್ಗಿಹೋಗುತ್ತದೆ. ಒಗ್ಗಿದ್ದನ್ನು ಮನಸ್ಸು ಗಮನಿಸುವುದನ್ನೇ ಬಿಡುತ್ತದೆ. ಕಿಟಕಿಯ ಬೆಳಕು ಅಲ್ಲೇ ಇರುತ್ತದೆ, ನಾವಿರುವುದಿಲ್ಲ. ಫೋಟೊ ತೆಗೆಯುವ ಕೆಲಸ ಈ ಒಗ್ಗಿಕೆಯನ್ನು ಕೊಂಚ ಕದಡುತ್ತದೆ. 2016ರಲ್ಲಿ ಕ್ರಿಸ್ಟಿನ್ ಡೀಲ್, ಗಲ್ ಜೌಬರ್ಮನ್ ಮತ್ತು ಅಲಿಕ್ಸಾಂಡ್ರಾ ಬರಾಶ್ ಎಂಬ ಸಂಶೋಧಕರು 2000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಒಂಬತ್ತು ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಬಸ್ಸಿನಲ್ಲಿ ನಗರ ಸುತ್ತುವಾಗ, ಮ್ಯೂಸಿಯಂ ನೋಡುವಾಗ ಫೋಟೊ ತೆಗೆದವರು ತೆಗೆಯದವರಿಗಿಂತ ಆ ಅನುಭವವನ್ನು ಸಾಮಾನ್ಯವಾಗಿ ಹೆಚ್ಚು ಆನಂದಿಸಿದ್ದರು, ಏಕೆಂದರೆ ಅದರಲ್ಲಿ ಹೆಚ್ಚು ತೊಡಗಿಕೊಂಡಿದ್ದರು. ಮ್ಯೂಸಿಯಂನಲ್ಲಿ ಕಣ್ಣಿನ ಚಲನೆ ಅಳೆದಾಗಲೂ, ಫೋಟೊ ತೆಗೆಯುವವರ ನೋಟ ಅಲ್ಲಿಟ್ಟ ವಸ್ತುಗಳ ಮೇಲೆ ಹೆಚ್ಚು ನಿಂತಿದ್ದು ಕಂಡುಬಂತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಂನ ವಸ್ತುಗಳನ್ನು ಇಡಿಯಾಗಿ ಫೋಟೊ ತೆಗೆದವರಿಗೆ ಆ ವಸ್ತುಗಳು, ಬರಿಗಣ್ಣಿನಿಂದ ನೋಡಿದವುಗಳಿಗಿಂತ ಕಡಿಮೆ ನೆನಪಿದ್ದವು. ಕ್ಯಾಮೆರಾ ಇಟ್ಟುಕೊಂಡಿದೆಯಲ್ಲ ಎಂದು ಮನಸ್ಸು ತನ್ನ ಹೊಣೆ ಕಳಚಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಕುತೂಹಲದ ಸಂಗತಿಯೆಂದರೆ, ವಸ್ತುವಿನ ಒಂದೇ ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. ಚೌಕಟ್ಟಿನ ಹೊರಗುಳಿದ ಭಾಗಗಳು ಕೂಡ ನೆನಪಿದ್ದವು. ಯಾವ ಭಾಗ ಎಂದು ಆರಿಸಬೇಕಾದಾಗ ಇಡೀ ವಸ್ತುವನ್ನು ನೋಡಲೇಬೇಕಾಗುತ್ತದೆ. ಇಡಿಯಾಗಿ ತೆಗೆಯುವ ಬದಲು ಒಂದು ಭಾಗ ಆರಿಸಿಕೊಳ್ಳುವ ಮಾತು ಮುಂದೆ ಹೆಜ್ಜೆ 4ರಲ್ಲಿ ಬರುವುದು ಇದೇ ಕಾರಣಕ್ಕೆ.

ಹೆಜ್ಜೆ 1: ಒಂದು ಪ್ರಶ್ನೆ, ಒಂದು ಚಿತ್ರ

ಮೊದಲು ಒಂದು ಪ್ರಶ್ನೆಯನ್ನು ಗಟ್ಟಿಮಾಡಿಕೊಳ್ಳಿ: ಇವತ್ತು ನನ್ನನ್ನು ಒಂದು ಗಳಿಗೆ ತಡೆದು ನಿಲ್ಲಿಸಿದ್ದು ಯಾವುದು?

ಸುಂದರವಾದದ್ದನ್ನು ಹುಡುಕಲು ಹೊರಟರೆ ಮೊದಲ ವಾರ ಮುಗಿಯುವಷ್ಟರಲ್ಲೇ ಹೂವು, ಸೂರ್ಯಾಸ್ತ, ಬೆಕ್ಕು ಎಲ್ಲ ಮುಗಿದು ಕೈಖಾಲಿಯಾಗುತ್ತದೆ. ತಡೆದು ನಿಲ್ಲಿಸಿದ್ದನ್ನು ಹುಡುಕಿದರೆ ಆ ಕೊರತೆಯಿಲ್ಲ. ಒಣಹಾಕಿದ ಬಟ್ಟೆಯನ್ನು ತೂರಿ ಬಂದ ಬಿಸಿಲು, ಬಾಗಿಲ ಬಳಿ ಯಾರೋ ಓರಣವಾಗಿ ಜೋಡಿಸಿಟ್ಟ ಪಾದರಕ್ಷೆಗಳು, ವಾರದಿಂದ ಕಾಡುತ್ತಿದ್ದ ಕೆಲಸದ ಹೆಸರಿನ ಮೇಲೆ ಎಳೆದ ಅಡ್ಡಗೆರೆ, ಮಗು ಅರ್ಧಕ್ಕೆ ಬಿಟ್ಟುಹೋದ ಆಟ. ಇವುಗಳಲ್ಲಿ ಯಾವುದೂ ಗೋಡೆಗೆ ತೂಗುಹಾಕುವ ಚಿತ್ರವಾಗಲಿಕ್ಕಿಲ್ಲ. ಆಗಬೇಕಾಗಿಯೂ ಇಲ್ಲ.

ನಿಯಮಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ದಿನಕ್ಕೆ ಎಷ್ಟು ಬೇಕಾದರೂ ತೆಗೆಯಿರಿ, ಉಳಿಸಿಕೊಳ್ಳುವುದು ಒಂದನ್ನೇ. ಅದನ್ನು ಯಾರಿಗೂ ತೋರಿಸಬೇಕಿಲ್ಲ. ಮೊದಲ 30 ದಿನ ಚಿತ್ರದ ಗುಣಮಟ್ಟವನ್ನು ತೂಗಿ ನೋಡುವುದಿಲ್ಲ ಎಂದು ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ‘365 ದಿನಗಳ ಸವಾಲು’ ಎಂದೆಲ್ಲ ಘೋಷಿಸಿಕೊಂಡು ಹೊರಡುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಸವಾಲು ಎಂದ ಕೂಡಲೇ ಸೋಲು ಗೆಲುವು ಬಂದು ಕೂರುತ್ತವೆ, ಮೂರನೇ ವಾರಕ್ಕೆ ಹುಡುಕಾಟ ಹೋಗಿ ಹಾಜರಿ ಹಾಕುವ ಕೆಲಸ ಉಳಿಯುತ್ತದೆ. ‘ಸೋಮವಾರ ಕೆಂಪು ಬಣ್ಣ, ಮಂಗಳವಾರ ವೃತ್ತ’ ಎಂಬಂಥ ಸಿದ್ಧ ಪಟ್ಟಿಗಳೂ ಆರಂಭದಲ್ಲಿ ಬೇಡ. ನಿಮ್ಮ ದಿನ ನಿಮಗೆ ಏನು ಕೊಟ್ಟಿತು ಎಂದು ನೋಡುವ ಬದಲು ಪಟ್ಟಿ ಏನು ಕೇಳಿತು ಎಂದು ನೋಡುವಂತಾಗುತ್ತದೆ.

ಹೆಜ್ಜೆ 2: ಮೊಬೈಲನ್ನು ಅಣಿಗೊಳಿಸಿಕೊಳ್ಳಿ

ಇದು ಹತ್ತು ನಿಮಿಷದ ಕೆಲಸ. ಹೊಸ ಕ್ಯಾಮೆರಾ ಬೇಡ, ಟ್ರೈಪಾಡ್ ಬೇಡ. ಇರುವ ಮೊಬೈಲಿನಲ್ಲೇ ಇಷ್ಟು ಮಾಡಿಕೊಳ್ಳಿ:

- ಸ್ಕ್ರೀನ್ ಲಾಕ್ ಆಗಿರುವಾಗಲೇ ಕ್ಯಾಮೆರಾ ತೆರೆಯುವ ದಾರಿ ಕಲಿಯಿರಿ. ಅನೇಕ ಫೋನ್‌ಗಳಲ್ಲಿ ಪವರ್ ಬಟನ್ ಎರಡು ಸಲ ಒತ್ತಿದರೆ ಸಾಕು. ಲಾಕ್ ತೆಗೆದು ಒಳಗೆ ಹೋದರೆ ದಾರಿಯಲ್ಲಿ ಮೆಸೇಜು ಸಿಗುತ್ತದೆ, ಬಂದ ಕೆಲಸ ಮರೆತುಹೋಗುತ್ತದೆ.
- ಲೆನ್ಸ್ ಒರೆಸಿ. ಚಿತ್ರ ಮಂಕಾಗಿ, ದೀಪಗಳ ಸುತ್ತ ಬೆಳಕು ಹರಡಿಕೊಂಡಂತೆ ಬರುತ್ತಿದ್ದರೆ ಹೆಚ್ಚಿನ ಸಲ ಕಾರಣ ಬೆರಳಿನ ಜಿಡ್ಡು. ಮೆತ್ತನೆಯ ಬಟ್ಟೆ ಸಾಕು.
- ಫ್ಲ್ಯಾಶ್ ಆಫ್ ಮಾಡಿ. ನಿಮ್ಮನ್ನು ನಿಲ್ಲಿಸಿದ್ದು ಅಲ್ಲಿದ್ದ ಬೆಳಕು. ಫ್ಲ್ಯಾಶ್ ಅದನ್ನೇ ಅಳಿಸಿಹಾಕುತ್ತದೆ.
- ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಕಿಟಕಿ, ಮೇಜು, ದಿಗಂತ ಸೊಟ್ಟಗಾಗದಂತೆ ಇಡಲು ಅನುಕೂಲ.
- ಈ ಅಭ್ಯಾಸಕ್ಕೆಂದೇ ಒಂದು ಪ್ರತ್ಯೇಕ ಆಲ್ಬಂ ಮಾಡಿ. ರಸೀದಿಗಳ ನಡುವೆ ಸಿಕ್ಕಿಹಾಕಿಕೊಂಡ ಚಿತ್ರವನ್ನು ನೀವು ಮತ್ತೆ ನೋಡುವುದಿಲ್ಲ.

ಹೆಜ್ಜೆ 3: ದಿನದಲ್ಲಿ ಅದಕ್ಕೊಂದು ಜಾಗ

ರಾತ್ರಿ ಒಂಬತ್ತಕ್ಕೆ ಅಲಾರಂ ಇಟ್ಟುಕೊಂಡರೆ ಏನಾಗುತ್ತದೆ ಎಂದು ಸುಲಭವಾಗಿ ಊಹಿಸಬಹುದು: ಚಾರ್ಜರ್ ವೈರು, ಸೀಲಿಂಗ್ ಫ್ಯಾನು, ಸ್ವಂತ ಪಾದ. ನೆನಪು ಮಾಡಿಕೊಳ್ಳಬೇಕಾದ್ದು ದಿನದ ಆರಂಭದಲ್ಲಿ. ಹೇಗೂ ದಿನಾ ಮಾಡುವ ಒಂದು ಕೆಲಸಕ್ಕೆ ಇದನ್ನು ಕಟ್ಟಿಹಾಕಿ. ಬೆಳಗ್ಗೆ ಕಿಟಕಿ ತೆರೆಯುವಾಗ, ಮನೆಯಿಂದ ಹೊರಡುವಾಗ ಬೀಗ ಹಾಕುವ ಹೊತ್ತಿಗೆ, ಪ್ರಶ್ನೆಯನ್ನು ಒಮ್ಮೆ ಮನಸ್ಸಿನಲ್ಲೇ ಕೇಳಿಕೊಳ್ಳಿ. ಆಮೇಲೆ ಮರೆತುಬಿಡಿ. ಪ್ರಶ್ನೆ ತನ್ನಷ್ಟಕ್ಕೆ ಒಳಗೆ ಓಡುತ್ತಿರುತ್ತದೆ.

ಸಂಜೆ ಬೇಕಾದದ್ದು ಐದು ನಿಮಿಷ, ಅದೂ ಆರಿಸುವುದಕ್ಕೆ ಮಾತ್ರ.

ಹೆಜ್ಜೆ 4: ಕ್ಲಿಕ್‌ಗೆ ಮುಂಚಿನ ಅರೆನಿಮಿಷ

ಇಡೀ ಅಭ್ಯಾಸದ ತಿರುಳು ಇಲ್ಲಿದೆ. ಉಳಿದ ಹೆಜ್ಜೆಗಳನ್ನು ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ, ಇದೊಂದನ್ನು ಬಿಡಬೇಡಿ.

ಏನೋ ಕಣ್ಣಿಗೆ ಬಿತ್ತು. ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಅಲ್ಲೇ ತಡೆಯಿರಿ. ಫೋನ್ ತೆಗೆಯದೆ ಆ ವಸ್ತುವನ್ನೋ ದೃಶ್ಯವನ್ನೋ ನೋಡುತ್ತ ನಿಲ್ಲಿ. ಹಾರಿಹೋಗುವ ಹಕ್ಕಿ, ಮಿಂಚಿ ಮಾಯವಾಗುವ ನಗು ಇದಕ್ಕೆ ಹೊರತು. ಅವುಗಳನ್ನು ಸಿಕ್ಕಹಾಗೆ ಹಿಡಿಯಿರಿ, ಇಲ್ಲವೇ ಬರೀ ನೋಡಿ ಬಿಟ್ಟುಬಿಡಿ. ಆದರೆ ನಮ್ಮನ್ನು ಸೆಳೆಯುವ ಹೆಚ್ಚಿನ ಸಂಗತಿಗಳಿಗೆ ಅಂಥ ಅವಸರವೇನಿರುವುದಿಲ್ಲ.

ನೋಡುವಾಗ ಮೊದಲು ಕೇಳಿಕೊಳ್ಳಬೇಕಾದ್ದು, ಬೆಳಕು ಎಲ್ಲಿಂದ ಬರುತ್ತಿದೆ ಎಂದು. ಬಲಗಡೆಯಿಂದಲೋ, ಹಿಂದಿನಿಂದಲೋ, ಎದುರಿನ ಗೋಡೆಗೆ ಬಡಿದು ವಾಪಸು ಬರುತ್ತಿದೆಯೋ? ನೆರಳು ಯಾವ ಕಡೆ ಬಿದ್ದಿದೆ? ಅದರ ಅಂಚು ಚೂಪಾಗಿದೆಯೇ, ಮಸುಕೇ? ಎರಡನೆಯದು, ನನ್ನನ್ನು ಹಿಡಿದಿಟ್ಟದ್ದು ಇದರಲ್ಲಿ ನಿಖರವಾಗಿ ಯಾವುದು? ಮೇಜಿನ ಮೇಲೆ ನೀರಿನ ಲೋಟವಿದೆ ಎಂದುಕೊಳ್ಳಿ. ಮೊದಲ ನೋಟಕ್ಕೆ ‘ಲೋಟ ಚೆನ್ನಾಗಿದೆ’ ಅನ್ನಿಸುತ್ತದೆ. ಇನ್ನೂ ಕೊಂಚ ನೋಡಿದರೆ ಸೊಗಸು ಇರುವುದು ಲೋಟದಲ್ಲಲ್ಲ, ನೀರನ್ನು ಹಾಯ್ದು ಮೇಜಿನ ಮೇಲೆ ಬಿದ್ದ ಬೆಳಕಿನ ಬಳುಕು ಗೆರೆಗಳಲ್ಲಿ ಎಂದು ಗೊತ್ತಾಗುತ್ತದೆ. ಹಾಗಾದರೆ ಚಿತ್ರದಲ್ಲಿ ಲೋಟ ಪೂರ್ತಿ ಇರಬೇಕಾಗಿಲ್ಲ, ಅದರ ಬುಡವಿದ್ದರೆ ಸಾಕು. ಮೂರನೆಯದು, ಇದರಲ್ಲಿ ಏನು ಬೇಡ? ಹಿಂದಿರುವ ಪ್ಲಾಸ್ಟಿಕ್ ಚೀಲ, ಮೂಲೆಯಲ್ಲಿ ಇಣುಕುವ ವೈರು. ವಸ್ತುಗಳನ್ನು ಸರಿಸುವ ಬದಲು ನೀವೇ ಒಂದು ಹೆಜ್ಜೆ ಆಚೀಚೆ ಸರಿದು ನೋಡಿ. ಮಂಡಿಯೂರಿದರೆ, ತಲೆ ಓರೆ ಮಾಡಿದರೆ ಬೇಡದ್ದು ಎಷ್ಟೋ ಸಲ ತಾನೇ ಮರೆಯಾಗುತ್ತದೆ.

ಇಷ್ಟಾದ ಮೇಲೆ ಫೋನ್ ತೆಗೆಯಿರಿ. ಅಷ್ಟರಲ್ಲಿ ನಿಮಗೆ ಬೇಕಾದ ಚಿತ್ರ ಯಾವುದೆಂದು ಗೊತ್ತಿರುತ್ತದೆ, ಎರಡು ಮೂರು ಕ್ಲಿಕ್ಕಿನಲ್ಲಿ ಕೆಲಸ ಮುಗಿಯುತ್ತದೆ. ಈ ಮೂರು ಪ್ರಶ್ನೆ ಕೇಳಿಕೊಂಡ ಮೇಲೆ ‘ತೆಗೆಯುವುದೇ ಬೇಡ’ ಅನ್ನಿಸಿದರೂ ಸರಿಯೇ. ನೋಡಿದ್ದು ಎಲ್ಲಿಗೂ ಹೋಗಲಿಲ್ಲ.

ಹೆಜ್ಜೆ 5: ಎಲ್ಲಿ ಹುಡುಕುವುದು?

ನನ್ನ ಬದುಕಿನಲ್ಲಿ ಫೋಟೊ ತೆಗೆಯುವಂಥದ್ದು ಏನೂ ಇಲ್ಲ ಎನ್ನುವವರಿಗೆ ನಾನು ಹೇಳುವುದು ಯೋಸೆಫ್ ಸುಡೆಕ್ ಕಥೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಈ ಛಾಯಾಗ್ರಾಹಕ, ಪ್ರಾಗ್ ನಗರ ನಾಜಿಗಳ ವಶದಲ್ಲಿದ್ದ ಕಾಲದಲ್ಲಿ, 1940ರಲ್ಲಿ, ತನ್ನ ಸ್ಟುಡಿಯೊದ ಒಂದೇ ಕಿಟಕಿಯ ಚಿತ್ರಗಳನ್ನು ತೆಗೆಯಲು ಶುರುಮಾಡಿದ. 1954ರವರೆಗೂ ತೆಗೆಯುತ್ತಲೇ ಹೋದ. ಗಾಜಿನ ಮೇಲಿನ ಹಬೆ, ಇಬ್ಬನಿ, ಹಿಮ, ಹೊರಗಿನ ಸೊಟ್ಟ ಮರ, ಕಿಟಕಿಯ ಕಟ್ಟೆಯ ಮೇಲಿಟ್ಟ ಲೋಟ. ಇನ್ನೊಬ್ಬ ಛಾಯಾಗ್ರಾಹಕ ಆಂದ್ರೆ ಕೆರ್ಟೆಸ್ 1977ರಲ್ಲಿ ಹೆಂಡತಿ ತೀರಿಕೊಂಡ ಮೇಲೆ, ಎಂಬತ್ತರ ಆಸುಪಾಸಿನಲ್ಲಿ, ತೆಗೆದ ಚಿತ್ರವನ್ನು ಆಗಲೇ ಕಾಗದದ ಮೇಲೆ ಮೂಡಿಸುವ ಪೋಲರಾಯ್ಡ್ ಕ್ಯಾಮೆರಾ ಹಿಡಿದು ನ್ಯೂಯಾರ್ಕಿನ ತನ್ನ ಮನೆಯ ಕಿಟಕಿಯ ಬಳಿ ಪುಟ್ಟ ಗಾಜಿನ ಮೂರ್ತಿಗಳನ್ನು ಇಟ್ಟು ತೆಗೆದ. ಇಬ್ಬರಿಗೂ ಒಂದು ಕಿಟಕಿ ಸಾಕಾಯಿತು.

ಹಾಗಾಗಿ ಮೊದಲು ಒಂದು ಕಿಟಕಿ. ಭೂಮಿ ತಿರುಗುವುದರಿಂದ ಆಕಾಶದಲ್ಲಿ ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿದಂತೆ ಕಾಣುತ್ತಾನೆ. ಗೋಡೆಯ ಮೇಲೆ ಬಿದ್ದ ಬಿಸಿಲಿನ ತುಂಡು ಹತ್ತು ನಿಮಿಷದಲ್ಲಿ ಎಷ್ಟು ದೂರ ನಡೆದುಬಿಡುತ್ತದೆ ಎಂದು ಒಮ್ಮೆ ಕಾದು ನೋಡಿ. ಋತು ಬದಲಾದಂತೆ ಅದು ತಲುಪುವ ಜಾಗವೂ ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ವರ್ಷದ ಕೆಲವೇ ದಿನ ಬಿಸಿಲು ಮುಟ್ಟುವ ಮೂಲೆ ಇದ್ದೀತು. ಅದು ಯಾವುದೆಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಬಳಸಿ ಸವೆದ ವಸ್ತುಗಳು. ಬಾಗಿಲಿನ ಹಿಡಿ, ಪುಸ್ತಕದ ಮಡಿಸಿದ ಮೂಲೆ, ಕೀಬೋರ್ಡಿನಲ್ಲಿ ಅಕ್ಷರ ಅಳಿಸಿಹೋದ ಕೀಲಿಗಳು, ಹೊಲಿದು ಮತ್ತೆ ಹೊಲಿದ ಚೀಲ. ಹೊಸ ವಸ್ತುವಿಗೆ ಕಥೆ ಇರುವುದಿಲ್ಲ. ಸವೆತದ ಚಿತ್ರ ತೆಗೆಯುವಾಗ ಬೆಳಕು ಪಕ್ಕದಿಂದ ಬೀಳುವಂತೆ ನಿಂತುಕೊಳ್ಳಿ, ಗೀರು ಗುಳಿಗಳೆಲ್ಲ ಎದ್ದು ಕಾಣುತ್ತವೆ.

ಕೆಲಸ ಮಾಡುವ ಕೈಗಳು. ಮುಖಕ್ಕೆ ಕ್ಯಾಮೆರಾ ಹಿಡಿದರೆ ಜನ ಸೆಟೆದುಕೊಳ್ಳುತ್ತಾರೆ, ಕೈಗಳು ಹಾಗಲ್ಲ. ಸೂಜಿಗೆ ದಾರ ಪೋಣಿಸುವುದು, ಸೊಪ್ಪು ಬಿಡಿಸುವುದು, ಕನ್ನಡಕ ಒರೆಸುವುದು. ಮನೆಯ ಹಿರಿಯರ ಕೈಗಳನ್ನಂತೂ ತಪ್ಪದೆ ತೆಗೆದಿಟ್ಟುಕೊಳ್ಳಿ. ಅವರ ಮುಖದ ಚಿತ್ರಗಳು ಹೇಗೂ ಸಾಕಷ್ಟಿರುತ್ತವೆ.

ಕಾಯುವ ಹೊತ್ತು. ಸಾಲಿನಲ್ಲಿ ನಿಂತಾಗ, ಬಸ್ಸಿಗೆ ಕಾಯುವಾಗ ನಾವು ಫೋನ್ ತೆಗೆಯುತ್ತೇವೆ, ಆದರೆ ಸ್ಕ್ರೀನ್ ನೋಡುವುದಕ್ಕೆ. ಅದೇ ಹೊತ್ತಿನಲ್ಲಿ ನೆಲವನ್ನು ನೋಡಿ, ಗಾಜಿನಲ್ಲಿ ಮೂಡಿದ ಪ್ರತಿಬಿಂಬ ನೋಡಿ. ಹಗಲಲ್ಲಿ ನೋಡಿದ ಜಾಗವನ್ನು ಮಳೆ ಬಂದ ರಾತ್ರಿ ನೋಡಿದರೆ ಪೂರ್ತಿ ಬೇರೆ. ಒದ್ದೆ ನೆಲ ಬೀದಿಯ ಪ್ರತಿ ದೀಪವನ್ನೂ ಉದ್ದಕ್ಕೆ ಎಳೆದು ತೋರಿಸುತ್ತದೆ.

ಕಣ್ಣಿಗೆ ಕಾಣದ ಖುಷಿಗಳು. ಇಲ್ಲಿ ಹೆಚ್ಚಿನವರು ಕೈಚೆಲ್ಲುತ್ತಾರೆ. ದಿನದ ಅತಿ ಹಿತವಾದ ಗಳಿಗೆ ಎಷ್ಟೋ ಸಲ ಒಂದು ವಾಸನೆ, ಒಂದು ದನಿ, ದಣಿದು ಬಂದಾಗ ಪಾದಕ್ಕೆ ತಾಗಿದ ತಣ್ಣನೆಯ ನೆಲ. ಅದರ ಫೋಟೊ ಹೇಗೆ? ಅದರ ಪಕ್ಕದಲ್ಲಿದ್ದುದನ್ನು ತೆಗೆಯಿರಿ. ದೂರದೂರಿನ ಗೆಳತಿಯ ಜೊತೆ ಗಂಟೆಗಟ್ಟಲೆ ಮಾತಾಡಿದ ಖುಷಿಗೆ, ಮಾತಾಡುತ್ತ ಕಾಗದದ ಮೇಲೆ ನೀವು ಗೀಚಿದ ಸುರುಳಿಗಳೇ ಚಿತ್ರ. ಮೊದಲ ಮಳೆಯ ವಾಸನೆಗೆ, ಹನಿ ಬಿದ್ದು ಚುಕ್ಕೆ ಚುಕ್ಕೆಯಾದ ಮಣ್ಣು. ಬೇರೆಯವರಿಗೆ ಇದರಿಂದ ಏನೂ ತಿಳಿಯದಿರಬಹುದು. ನಿಮಗೆ ತಿಳಿದರೆ ಸಾಕು.

ಒಂದೇ ಜಾಗ, ಬೇರೆ ಬೇರೆ ದಿನ. ಒಂದು ಮರವನ್ನೋ ಬೀದಿಯ ತಿರುವನ್ನೋ ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ಅದೇ ನಿಲುವಿನಿಂದ ತೆಗೆಯಿರಿ. ಬದಲಾವಣೆ ನಿಧಾನವಾಗಿ ಆಗುವಾಗ ಕಣ್ಣಿಗೆ ಸಿಗುವುದಿಲ್ಲ, ಸಾಲಾಗಿ ಇಟ್ಟ ಚಿತ್ರಗಳಲ್ಲಿ ಸಿಗುತ್ತದೆ.

ಹೆಜ್ಜೆ 6: ಇಷ್ಟು ತಂತ್ರ ಸಾಕು

ಕ್ಯಾಮೆರಾದ ಹತ್ತಾರು ಮೋಡ್‌ಗಳಲ್ಲಿ ನಿಮಗೆ ಬೇಕಾದ್ದು ಕೆಲವೇ.

ಬೆಳಕಿನ ಹೊಂದಾಣಿಕೆ ಎಲ್ಲಕ್ಕಿಂತ ಮುಖ್ಯ. ಕ್ಯಾಮೆರಾದ ಬೆಳಕಿನ ಅಳತೆ ದೃಶ್ಯವನ್ನು ನಡು ಬೂದು ಮಟ್ಟದ ಕಡೆಗೆ ಎಳೆಯುತ್ತದೆ. ಅದಕ್ಕೇ ಬಿಳಿ ಗೋಡೆ ಕೊಳೆಯಾದಂತೆ, ಕತ್ತಲ ಕೋಣೆ ವಿನಾಕಾರಣ ಬೆಳಗಿದಂತೆ ಬರುತ್ತದೆ. ಬಹುತೇಕ ಮೊಬೈಲ್‌ಗಳಲ್ಲಿ ಸ್ಕ್ರೀನಿನ ಮೇಲೆ ಒಂದು ಕಡೆ ಬೆರಳಿಟ್ಟರೆ ಪುಟ್ಟ ಸೂರ್ಯನ ಗುರುತು ಕಾಣಿಸುತ್ತದೆ, ಅದನ್ನು ಮೇಲೆ ಕೆಳಗೆ ಎಳೆದು ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ಅಲ್ಲೇ ಲಾಕ್ ಆಗುತ್ತವೆ. ಗೋಡೆಯ ಮೇಲಿನ ಬಿಸಿಲಿನ ತುಂಡನ್ನು ತೆಗೆಯುವಾಗ ಬೆಳಕನ್ನು ಧಾರಾಳವಾಗಿ ಇಳಿಸಿ. ಸುತ್ತಲಿನದು ಕತ್ತಲಾಗಲಿ, ನೀವು ನೋಡುತ್ತಿದ್ದುದು ಆ ತುಂಡನ್ನೇ ಅಲ್ಲವೇ.

ಬೆಳಗ್ಗೆ ಮತ್ತು ಸಂಜೆಯ ಬೆಳಕನ್ನು ಎಲ್ಲರೂ ಹೊಗಳುವುದಕ್ಕೆ ಕಾರಣವಿದೆ. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ನೆರಳು ವಸ್ತುವಿನ ಎತ್ತರದಷ್ಟೇ ಉದ್ದ. 10 ಡಿಗ್ರಿಗೆ ಇಳಿದಾಗ ಅದು ಐದೂವರೆ ಪಟ್ಟಿಗೂ ಹೆಚ್ಚು. ಆಗ ಒಂದು ಬೆಣಚುಕಲ್ಲಿಗೂ ಸ್ವಂತ ನೆರಳು ಸಿಗುತ್ತದೆ. ಆದರೆ ನಡುಹಗಲಿನ ಬೆಳಕು ಕೆಲಸಕ್ಕೆ ಬಾರದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಡುಹಗಲಲ್ಲಿ ಮನೆಯೊಳಗೆ ಬನ್ನಿ, ಬಾಗಿಲಿನಿಂದ ಒಂದೆರಡು ಹೆಜ್ಜೆ ಒಳಗೆ ಸಿಗುವ ಬೆಳಕಿನಷ್ಟು ಮೃದುವಾದದ್ದು ಬೇರೆ ಇಲ್ಲ. ಆಗ ಕೋಣೆಯ ದೀಪ ಆರಿಸಿ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ ಹಳದಿ ಬಲ್ಬಿನ ಬೆಳಕು ಸುಮಾರು 2700, ಹಗಲ ಬೆಳಕು ಸುಮಾರು 5500. ಎರಡೂ ಬೆರೆತರೆ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಛಾಯೆ ಬಂದು ಬಣ್ಣ ಕೆಡುತ್ತದೆ.

ತೀರ ಹತ್ತಿರದಿಂದ ತೆಗೆಯುವಾಗ ಚಿತ್ರ ಮಸುಕಾದರೆ ಸ್ವಲ್ಪ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ. ಪ್ರತಿ ಲೆನ್ಸಿಗೂ ಫೋಕಸ್ ಆಗಲು ಕನಿಷ್ಠ ಇಷ್ಟು ದೂರ ಎಂದಿರುತ್ತದೆ. ಮುಖಗಳಿಗೂ ಇದೇ ಉಪಾಯ. ಮೊಬೈಲಿನ ಮುಖ್ಯ ಲೆನ್ಸ್ ಅಗಲ ನೋಟದ್ದು, ಅದನ್ನು ಮೂತಿಯ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಇನ್ನು ನೈಟ್ ಮೋಡ್: ಅದು ಹಲವು ಫ್ರೇಮ್‌ಗಳನ್ನು ತೆಗೆದು ಒಂದುಗೂಡಿಸುವುದರಿಂದ ಮುಗಿಯುವವರೆಗೆ ಕೈಯನ್ನು ಗೋಡೆಗೋ ಕಂಬಕ್ಕೋ ಆನಿಸಿಡಿ.

ಫಿಲ್ಟರುಗಳ ವಿಷಯಕ್ಕೆ ಹೋಗುವುದಿಲ್ಲ. ಕ್ರಾಪ್ ಮಾಡಿ, ಬೆಳಕು ಸರಿಪಡಿಸಿ, ಅಲ್ಲಿಗೆ ನಿಲ್ಲಿಸಿ.

ಹೆಜ್ಜೆ 7: ಒಂದನ್ನು ಉಳಿಸಿ, ಒಂದು ಸಾಲು ಬರೆಯಿರಿ

ಸಂಜೆ ದಿನದ ಚಿತ್ರಗಳನ್ನು ಒಮ್ಮೆ ಸರಿಸಿ ನೋಡಿ ಒಂದನ್ನು ಆಲ್ಬಂಗೆ ಹಾಕಿ, ಉಳಿದವನ್ನು ಅಳಿಸಿ. ಎರಡರ ನಡುವೆ ಮನಸ್ಸು ಹೊಯ್ದಾಡಿದರೆ ಅಂದವಾಗಿರುವುದನ್ನು ಬಿಟ್ಟು ಆ ಗಳಿಗೆಯನ್ನು ಮರಳಿ ತರುವುದನ್ನು ಇಟ್ಟುಕೊಳ್ಳಿ.

ಆಮೇಲೆ ಒಂದು ಸಾಲು. ಬಹುತೇಕ ಗ್ಯಾಲರಿಗಳಲ್ಲಿ ಫೋಟೊಗೆ ವಿವರಣೆ ಸೇರಿಸುವ ಸೌಲಭ್ಯವಿದೆ, ಇಲ್ಲದಿದ್ದರೆ ಒಂದು ನೋಟ್‌ಬುಕ್ ಇರಲಿ. ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಬರೆಯಬೇಡಿ. ‘ಕಿಟಕಿಯಲ್ಲಿ ಮಳೆಹನಿ’ ಎನ್ನುವುದು ವ್ಯರ್ಥ, ಅದು ಕಾಣುತ್ತಲೇ ಇದೆ. ‘ಕರೆಂಟ್ ಹೋದ ಒಂದು ಗಂಟೆ ಯಾರೂ ಫೋನ್ ಮುಟ್ಟಲಿಲ್ಲ’ ಎಂದು ಬರೆದರೆ ಆ ಸಂಜೆ ಇಡಿಯಾಗಿ ಉಳಿಯುತ್ತದೆ. ಯಾರಿದ್ದರು, ಏನು ಮಾತಾಯಿತು, ಯಾವ ಶಬ್ದ ಕೇಳುತ್ತಿತ್ತು ಎಂಬುದೆಲ್ಲ ಫೋಟೊಗೆ ಸಿಗದ ಸಂಗತಿಗಳು.

ಹೆಜ್ಜೆ 8: ಹಿಂತಿರುಗಿ ನೋಡುವುದು

ಮಾಮೂಲಿ ಸಂಗತಿಗಳನ್ನು ಇಷ್ಟು ಆಸ್ಥೆಯಿಂದ ಕೂಡಿಡುವುದು ಅತಿಯಾಯಿತೇನೋ ಎಂಬ ಅನುಮಾನ ಬರುವುದು ಸಹಜ. ಟಿಂಗ್ ಜಾಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಅನುಮಾನದ ಬಗ್ಗೆ. ಜನರಿಂದ ತಮ್ಮ ಇತ್ತೀಚಿನ ಮಾತುಕತೆ, ಕೇಳುತ್ತಿದ್ದ ಹಾಡು ಇಂಥವನ್ನು ಬರೆಸಿಟ್ಟು, ತಿಂಗಳುಗಳ ನಂತರ ಅದನ್ನು ಓದುವುದು ಎಷ್ಟು ಹಿತವೆನಿಸಬಹುದು ಎಂದು ಮೊದಲೇ ಕೇಳಲಾಯಿತು. ಮುಂದೆ ಓದಿದಾಗ ಅವರಿಗೆ ತಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕುತೂಹಲ, ಹೆಚ್ಚು ಖುಷಿ ಆಗಿತ್ತು. ಈ ಅಂದಾಜು ವಿಶೇಷ ದಿನಗಳಿಗಿಂತ ಮಾಮೂಲಿ ದಿನಗಳ ವಿಷಯದಲ್ಲೇ ಹೆಚ್ಚು ತಪ್ಪಿತ್ತು. ಹಬ್ಬ ಹರಿದಿನ ಹೇಗೂ ನೆನಪಿರುತ್ತದೆ, ಮರೆತುಹೋಗುವುದು ಮಂಗಳವಾರ ಮಧ್ಯಾಹ್ನ.

ವಾರಕ್ಕೊಮ್ಮೆ ಏಳು ಚಿತ್ರಗಳನ್ನು ಒಟ್ಟಿಗೆ ನೋಡಿ. ತಿಂಗಳಿಗೊಮ್ಮೆ ಮೂವತ್ತನ್ನೂ ಗ್ರಿಡ್‌ನಂತೆ ಪುಟ್ಟದಾಗಿ ಒಂದೇ ಸ್ಕ್ರೀನಿನಲ್ಲಿ ತಂದುಕೊಳ್ಳಿ. ಆಗ ಬಿಡಿ ಚಿತ್ರಗಳಲ್ಲಿ ಕಾಣದ್ದು ಕಾಣುತ್ತದೆ. ಒಬ್ಬರಿಗೆ ತಮ್ಮ ಚಿತ್ರಗಳಲ್ಲೆಲ್ಲ ಜನರೇ ಇಲ್ಲ ಎಂದು ಗೊತ್ತಾಗಬಹುದು. ಇನ್ನೊಬ್ಬರಿಗೆ ತಮ್ಮ ಖುಷಿಗಳೆಲ್ಲ ಬೆಳಗ್ಗೆ ಎಂಟರೊಳಗೆ ಮುಗಿದಿರುವುದು ಕಾಣಬಹುದು. ಇದು ಬರೀ ಕುತೂಹಲದ ಮಾಹಿತಿಯಲ್ಲ. ನಿಮಗೆ ಹಿತ ಕೊಡುವುದು ನಡಿಗೆ ಎಂದು ಮೂವತ್ತರಲ್ಲಿ ಹನ್ನೆರಡು ಚಿತ್ರ ಹೇಳುತ್ತಿದ್ದರೆ, ಮುಂದಿನ ತಿಂಗಳು ನಡಿಗೆಗೆ ಇನ್ನಷ್ಟು ಸಮಯ ತೆಗೆದಿಡುವುದು ನಿಮ್ಮ ಕೈಯಲ್ಲಿದೆ.

ತಿಂಗಳ ಒಂದೆರಡು ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ. 4×6 ಇಂಚಿನ ಒಳ್ಳೆಯ ಪ್ರಿಂಟ್‌ಗೆ 1200×1800 ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚಿದ್ದರೆ ಸಾಕು. ಹಳೆಯ ಮೊಬೈಲಿಗೂ ಅದು ಸಾಧ್ಯ.

ಮಂಕು ದಿನ, ಕೆಟ್ಟ ದಿನ, ತಪ್ಪಿದ ದಿನ

ಈ ಮೂರೂ ಬೇರೆ ಬೇರೆ. ಮಂಕು ದಿನಕ್ಕೆ ಮದ್ದು ಸುಲಭ: ಕೂತ ಜಾಗದಿಂದ ಏಳದೆ, ಕೈಗೆಟಕುವ ಅಂತರದಲ್ಲಿರುವ ಒಂದು ವಸ್ತುವನ್ನು ಐದು ಕೋನಗಳಿಂದ ನೋಡಿ. ಮೊದಲು ಬೇಡವೆಂದ ವಿಷಯಪಟ್ಟಿ ಇಂಥ ಹೊತ್ತಿಗೆ ಬಂದರೆ ಬರಲಿ. ವಾರವಿಡೀ ಒಂದೇ ಬಣ್ಣ ಹುಡುಕುವುದು ಜಡ್ಡುಗಟ್ಟಿದ ಕಣ್ಣನ್ನು ಎಬ್ಬಿಸುತ್ತದೆ.

ಕೆಟ್ಟ ದಿನದಲ್ಲಿ ಖುಷಿಯನ್ನು ಬಲವಂತವಾಗಿ ಹುಡುಕಬೇಡಿ. ಡೀಲ್ ಮತ್ತು ಸಂಗಡಿಗರ ಪ್ರಯೋಗಗಳಲ್ಲೊಂದು ಇದನ್ನೇ ಪರೀಕ್ಷಿಸಿತ್ತು. ಕಂಪ್ಯೂಟರಿನ ಪರದೆಯ ಮೇಲೆ ತೋರಿಸಿದ ಕಾಡಿನ ಸಫಾರಿಯೊಂದರಲ್ಲಿ ಸಿಂಹಗಳು ಕಾಡೆಮ್ಮೆಗಳ ಮೇಲೆ ಎರಗುವ ದೃಶ್ಯವನ್ನು ಫೋಟೊ ತೆಗೆಯುತ್ತ ನೋಡಿದವರಿಗೆ ಆ ಅನುಭವ ಇನ್ನಷ್ಟು ಅಹಿತವೆನಿಸಿತು. ಕ್ಯಾಮೆರಾ ನಮ್ಮನ್ನು ಎದುರಿಗಿರುವುದರೊಳಕ್ಕೆ ಎಳೆಯುತ್ತದೆ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದಿಲ್ಲ. ಆಸ್ಪತ್ರೆಯ ಹೊರಗೆ ಕಾಯುವ ದಿನ ತಲೆಯೆತ್ತಿ ಆಕಾಶದ ಒಂದು ತುಂಡು ತೆಗೆದರೂ ಆಯಿತು, ಏನೂ ತೆಗೆಯದಿದ್ದರೂ ಆಯಿತು. ಮನಸ್ಸಿನ ಭಾರ ವಾರಗಟ್ಟಲೆ ಇಳಿಯದಿದ್ದರೆ ಅದು ಫೋಟೊದಿಂದ ಸರಿಹೋಗುವಂಥದ್ದಲ್ಲ, ವೈದ್ಯರನ್ನು ಕಾಣಬೇಕು.

ತಪ್ಪಿದ ದಿನ ತಪ್ಪಿತು. ಮರುದಿನ ಎರಡು ತೆಗೆದು ಸರಿದೂಗಿಸಬೇಡಿ, ಹಳೆಯ ಚಿತ್ರವೊಂದನ್ನು ತಂದು ಆ ಜಾಗಕ್ಕೆ ತುಂಬಲೂ ಬೇಡಿ. ಕಾರ್ಲ್ ಬೇಡನ್ ಎಂಬ ಅಮೆರಿಕದ ಛಾಯಾಗ್ರಾಹಕ 1987ರ ಫೆಬ್ರುವರಿಯಿಂದ ದಿನವೂ ತನ್ನ ಮುಖದ ಚಿತ್ರ ತೆಗೆದುಕೊಳ್ಳುತ್ತ ಬಂದವನು. 1991ರಲ್ಲಿ ಒಂದು ದಿನ ತಪ್ಪಿತು. ಸರಣಿ ಅದರಿಂದ ನಿಲ್ಲಲಿಲ್ಲ.

ಹಂಚಿಕೊಳ್ಳುವ ಮುನ್ನ

ಮೊದಲ ತಿಂಗಳು ಎಲ್ಲಿಯೂ ಹಾಕಬೇಡಿ ಎನ್ನುವುದು ನನ್ನ ಸಲಹೆ. ಬರಾಶ್, ಜೌಬರ್ಮನ್, ಡೀಲ್ ಇದೇ ಮೂವರು 2018ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಸಾಮಾಜಿಕ ಜಾಲತಾಣದಲ್ಲಿ ಹಾಕುವ ಉದ್ದೇಶದಿಂದ ಫೋಟೊ ತೆಗೆದವರು, ತಮಗಾಗಿ ತೆಗೆದವರಿಗಿಂತ ಆ ಅನುಭವವನ್ನು ಕಡಿಮೆ ಆನಂದಿಸಿದ್ದರು. ನೋಡುವವರು ನನ್ನ ಬಗ್ಗೆ ಏನಂದುಕೊಳ್ಳುತ್ತಾರೆ ಎಂಬ ಚಿಂತೆ ಕ್ಲಿಕ್‌ಗೆ ಮೊದಲೇ ಬಂದು ನಿಂತಿರುತ್ತದೆ. ಹಾಗೆಂದು ಹಂಚಿಕೊಳ್ಳುವುದೇ ಕೆಟ್ಟದ್ದಲ್ಲ. ಲಿಜ್ ಬ್ರೂಸ್ಟರ್ ಮತ್ತು ಆ್ಯಂಡ್ರ್ಯೂ ಕಾಕ್ಸ್ 2018ರಲ್ಲಿ ದಿನಕ್ಕೊಂದು ಫೋಟೊ ತೆಗೆದು ಹಂಚಿಕೊಳ್ಳುವವರನ್ನೇ ಮಾತಾಡಿಸಿ ನೋಡಿದಾಗ, ಅದರಿಂದ ಸಿಕ್ಕ ಒಡನಾಟವೂ ಅವರಿಗೆ ಮುಖ್ಯವಾಗಿತ್ತು. ಒಬ್ಬಿಬ್ಬರು ಆಪ್ತರೊಂದಿಗೆ ಚಿತ್ರ ವಿನಿಮಯ ಮಾಡಿಕೊಳ್ಳುವುದು ನನಗೆ ಇದರಲ್ಲೆಲ್ಲ ಸರಿಯೆನಿಸುವ ದಾರಿ. ಅಲ್ಲಿ ಲೈಕ್ ಎಣಿಸುವ ಪ್ರಶ್ನೆಯಿರುವುದಿಲ್ಲ.

ಜನರ ಮುಖವಿದ್ದರೆ ಕೇಳಿ ತೆಗೆಯಿರಿ, ಕೇಳಿಯೇ ಹಂಚಿ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲೊಕೇಶನ್ ಆನ್ ಇದ್ದಾಗ ತೆಗೆದ ಚಿತ್ರದ ಫೈಲಿನೊಳಗೆ ಆ ಸ್ಥಳದ ಅಕ್ಷಾಂಶ ರೇಖಾಂಶವೂ ಕೂತಿರುತ್ತದೆ. ಮನೆಯೊಳಗೆ ತೆಗೆದ ಚಿತ್ರವನ್ನು ಅಪರಿಚಿತರಿಗೆ ಕಳಿಸುವ ಮುನ್ನ ಅದನ್ನು ತೆಗೆದುಹಾಕಿ.

ಕ್ಯಾಮೆರಾ ಒಳಗಿಡುವ ಹೊತ್ತು

ನೀವೇ ಕೈಹಾಕಿ ಮಾಡುತ್ತಿರುವ ಕೆಲಸದ ನಡುವೆ ಫೋಟೊ ತೆಗೆದರೆ ಲಾಭವಿಲ್ಲ. 2016ರ ಪ್ರಯೋಗಗಳಲ್ಲೂ, ಕರಕುಶಲ ಕೆಲಸದಲ್ಲಿ ಆಗಲೇ ಮುಳುಗಿದ್ದವರಿಗೆ ಫೋಟೊದಿಂದ ಹೆಚ್ಚುವರಿ ಆನಂದವೇನೂ ಸಿಕ್ಕಿರಲಿಲ್ಲ. ಹಾಡುವಾಗ, ಆಡುವಾಗ, ಯಾರಾದರೂ ಮನಸ್ಸು ಬಿಚ್ಚಿ ಮಾತಾಡುತ್ತಿರುವಾಗ ಫೋನ್ ಒಳಗಿರಲಿ. ಮುಗಿದ ಮೇಲೆ ಖಾಲಿ ಕುರ್ಚಿಗಳ ಚಿತ್ರ ತೆಗೆಯಬಹುದು.

ಕಾಪಾಡಿಕೊಳ್ಳುವುದು

ಮೊಬೈಲಿನ ಫೋಟೊ ಒಂದಕ್ಕೆ ಐದು ಎಂಬಿ ಎಂದಿಟ್ಟುಕೊಂಡರೂ ದಿನಕ್ಕೊಂದರಂತೆ ವರ್ಷಕ್ಕೆ ಎರಡು ಜಿಬಿ ದಾಟುವುದಿಲ್ಲ. ಹಾಗಾಗಿ ಜಾಗದ ನೆಪ ಹೇಳುವಂತಿಲ್ಲ. ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ 3-2-1 ಕ್ರಮ ಇಲ್ಲಿಗೂ ಸಾಕು: ಮೊಬೈಲಿನಲ್ಲೊಂದು, ಕಂಪ್ಯೂಟರಿನಲ್ಲೋ ಹಾರ್ಡ್ ಡಿಸ್ಕಿನಲ್ಲೋ ಒಂದು, ಕ್ಲೌಡ್‌ನಲ್ಲಿ ಒಂದು. ಬರೆದ ಸಾಲುಗಳನ್ನೂ ಜೊತೆಗಿಡಿ. ಫೋಟೊವನ್ನು ಬೇರೆಡೆಗೆ ನಕಲು ಮಾಡಿದಾಗ ಗ್ಯಾಲರಿಯಲ್ಲಿ ಬರೆದ ವಿವರಣೆ ಕೆಲವೊಮ್ಮೆ ಅದರ ಜೊತೆ ಹೋಗುವುದಿಲ್ಲ. ತಿಂಗಳ ಕೊನೆಗೆ ಅವನ್ನೆಲ್ಲ ದಿನಾಂಕದ ಸಮೇತ ಒಂದು ಸಾದಾ ಕಡತಕ್ಕೆ ಇಳಿಸಿಕೊಳ್ಳುವುದು ಕ್ಷೇಮ.

ಜೇಮಿ ಲಿವಿಂಗ್‌ಸ್ಟನ್ ಎಂಬಾತ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ತೀರಿಕೊಳ್ಳುವವರೆಗೆ ದಿನಕ್ಕೊಂದು ಪೋಲರಾಯ್ಡ್ ಚಿತ್ರ ತೆಗೆದ. ಆರು ಸಾವಿರಕ್ಕೂ ಹೆಚ್ಚು ಚಿತ್ರ, ಹೆಚ್ಚಿನವು ಗೆಳೆಯರು, ಊಟ, ಬೀದಿ, ಕೋಣೆ. ಕಾಗದದ ಮೇಲೆಯೇ ಮೂಡುತ್ತಿದ್ದ ಅವಕ್ಕೆ ಇನ್ನೊಂದು ಪ್ರತಿ ಎಂಬುದೇ ಇರಲಿಲ್ಲ. ಅವು ಉಳಿದದ್ದು ಅವನ ಗೆಳೆಯರು ಎತ್ತಿಟ್ಟು, ಒಂದೊಂದನ್ನೂ ನಕಲು ತೆಗೆದು ದಿನಾಂಕದ ಪ್ರಕಾರ ಜೋಡಿಸಿದ್ದರಿಂದ. ನಿಮ್ಮ ಆಲ್ಬಂ ಎಲ್ಲಿದೆ, ಅದರ ಪಾಸ್‌ವರ್ಡ್ ಏನು ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.